ಯಾರ ಮನೆ ಸಾರು? ನಮ್ಮ ಕಡೆಯ ಅಡುಗೆ ಪುಸ್ತಕ ಕೊಳ್ಳುವ ಮುಂಚೆ

ಅಕ್ಕನ ಮಗಳು ಮದುವೆಯಾಗಿ ಪುಣೆಗೆ ಹೋಗಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಫೋನ್ ಮಾಡಿದಳು. "ಚಿಕ್ಕಮ್ಮ, ವಿಡಿಯೋ ನೋಡಿ ನೋಡಿ ಸಾಕಾಯ್ತು. ಕೈ ಒದ್ದೆ ಇರುತ್ತೆ, ಫೋನ್ ಮುಟ್ಟೋಕಾಗಲ್ಲ. ನಮ್ಮ ಕಡೆ ಅಡುಗೆ ಇರೋ ಒಂದು ಪುಸ್ತಕ ಹೇಳಿ, ತರಿಸ್ಕೋತೀನಿ."

"ನಮ್ಮ ಕಡೆ ಅಂದ್ರೆ ಯಾವ ಕಡೆ?" ಅಂದೆ.

ಕಾಲೆಳೆಯಲು ಕೇಳಿದ್ದಲ್ಲ. ಅವಳ ತವರು ಚಿಂತಾಮಣಿ ಹತ್ತಿರ, ಗಂಡನ ಮನೆ ಕುಣಿಗಲ್. ನನ್ನ ಕಥೆಯೂ ಅದೇ. ಹುಟ್ಟಿದ್ದು ಚಿಂತಾಮಣಿ ಕಡೆ, ಸೇರಿದ್ದು ತಿಪಟೂರಿನ ಮನೆ, ಈಗ ಇರುವುದು ತುಮಕೂರಿನಲ್ಲಿ. ಮದುವೆಯಾದ ಹೊಸತರಲ್ಲಿ ನಮ್ಮಮ್ಮ ಮಾಡುತ್ತಿದ್ದ ಹಾಗೆ ಕಡಲೆಬೀಜ ಹುರಿದು ರುಬ್ಬಿ ಬದನೆಕಾಯಿ ಗೊಜ್ಜಿಗೆ ಹಾಕಿದ್ದೆ. ಅತ್ತೆ ಒಂದು ತುತ್ತು ತಿಂದರು. "ಚೆನ್ನಾಗೈತೆ ಕಣಮ್ಮ, ಕಾಯಿ ಹಾಕೋದು ಮರೆತ್ಯಾ?" ಅಂದರು. ಕೊಬ್ಬರಿ ಊರಿನಲ್ಲಿ ಕಾಯಿ ಇಲ್ಲದ ಅಡುಗೆ ಅಂದರೆ ಉಪ್ಪು ಮರೆತ ಹಾಗೆ. ನಮ್ಮಮ್ಮನ ಮನೆಯಲ್ಲೋ, ಕಾಯಿ ಒಡೆಯುತ್ತಿದ್ದದ್ದು ಹಬ್ಬಕ್ಕೆ.

ಹಾಗಾಗಿ ಪುಸ್ತಕ ಹುಡುಕುವುದಕ್ಕಿಂತ ಮುಂಚೆ ನಿಮ್ಮ ಬಾಯಿ ಯಾವ ಊರಿನದು ಅಂತ ತಿಳಿದುಕೊಳ್ಳಿ. ಅಂಗಡಿಯ ಕಪಾಟಿನಲ್ಲಿ "ಕರ್ನಾಟಕದ ಅಡುಗೆ" ಅಂತ ಇರುವುದರಲ್ಲಿ ಉಡುಪಿ, ಮಂಗಳೂರು, ಮಲೆನಾಡಿನದೇ ಜಾಸ್ತಿ. ಆಮೇಲೆ ಉತ್ತರ ಕರ್ನಾಟಕದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಅಂತ ಮುಖಪುಟದಲ್ಲೇ ಬರೆದ ಪುಸ್ತಕ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ. "ಬಯಲುಸೀಮೆ", "ಹಳೇ ಮೈಸೂರು", "ಹಳ್ಳಿ ಅಡುಗೆ" ಅನ್ನುವ ಹೆಸರುಗಳ ಕೆಳಗೆ ಹುಡುಕಬೇಕು. ಇನ್ನೊಂದು ವಿಷಯ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ಪುಸ್ತಕದಲ್ಲಿ "ಕೋಲಾರ ಜಿಲ್ಲೆ" ಅಂತ ಇದ್ದರೆ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು, ಗುಡಿಬಂಡೆ ಎಲ್ಲ ಅದರೊಳಗೇ ಬಂತು. ಹಳೇ ಪುಸ್ತಕ ನೋಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯ ಪುಸ್ತಕ ಕೈ ತಪ್ಪುವುದಿಲ್ಲ.

ಒಂದೇ ಜಿಲ್ಲೆಯೊಳಗೂ ರುಚಿ ಒಂದೇ ಅಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗು ಕೈಗೆ ಸಿಗುತ್ತೆ, ಕೈ ತುಂಬ ಹಾಕುತ್ತಾರೆ. ಕುಣಿಗಲ್‌ನವರ ಉಪ್ಸಾರು ಮಂಡ್ಯದ ಕಡೆಗೆ ವಾಲುತ್ತೆ. ಪಾವಗಡ ಮೂರು ಕಡೆ ಆಂಧ್ರದ ನಡುವೆ ಇರುವ ತಾಲ್ಲೂಕು. ಅಲ್ಲಿ ಕಡಲೆಬೀಜ, ಖಾರ, ತೆಲುಗು ಹೆಸರು, ಎಲ್ಲ ಒಟ್ಟಿಗೆ ಬರುತ್ತವೆ. ಬಾಗೇಪಲ್ಲಿ, ಚಿಂತಾಮಣಿಯಲ್ಲೂ ಹಾಗೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ತಟ್ಟೆಯಲ್ಲಿ ಪಪ್ಪು ಮತ್ತು ಮುದ್ದೆ. ಕೆಜಿಎಫ್ ಕಡೆ ಹೋದರೆ ತಮಿಳರ ಕೈ ಕಾಣುತ್ತೆ. ಬರೆದವರು ಇದರಲ್ಲಿ ಎಲ್ಲಿಯವರು ಅಂತ ಹಿಂಬದಿಯ ರಕ್ಷಾಪುಟದಲ್ಲೋ ಮುನ್ನುಡಿಯಲ್ಲೋ ಇರುತ್ತೆ. ನಾನು ಚಿತ್ರ ನೋಡುವ ಮುಂಚೆ ಅದನ್ನೇ ಓದುತ್ತೇನೆ. "ನಮ್ಮಜ್ಜಿಯ ಕೈರುಚಿ" ಅಂತ ಬರೆದು ಅಜ್ಜಿಯ ಊರೇ ಹೇಳದಿದ್ದರೆ ನನಗೆ ಅನುಮಾನ.

ಬಸ್ಸಾರಿನ ಪುಟ ತೆಗೆಯಿರಿ

ಅಂಗಡಿಯಲ್ಲಿ ನಿಂತು ಪುಸ್ತಕ ಪರೀಕ್ಷೆ ಮಾಡಲು ಐದು ನಿಮಿಷ ಸಾಕು. ಗೊತ್ತಿಲ್ಲದ ಅಡುಗೆ ನೋಡಬೇಡಿ, ಗೊತ್ತಿರುವ ಅಡುಗೆ ನೋಡಿ. ನನ್ನ ಮಟ್ಟಿಗೆ ಅದು ಬಸ್ಸಾರು.

ಮೊದಲು ಅದು ಪರಿವಿಡಿಯಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಬಸ್ಸಾರು, ಬಸಿದ ಸಾರು, ಕಟ್ಟಿನ ಸಾರು, ಮೂರು ಹೆಸರಲ್ಲಿ ಯಾವುದರಲ್ಲಾದರೂ ಇರಬಹುದು. ಹಿತಕಿದ ಬೇಳೆಯದೂ ಇದೇ ಗೋಳು. ಹಿತಕಿದ, ಇದಕಿದ, ಹಿದುಕಿದ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. "ಹಿ"ಯಲ್ಲಿ ಸಿಗಲಿಲ್ಲ ಅಂದರೆ "ಇ"ಯಲ್ಲಿ ನೋಡಿ. ಎರಡರಲ್ಲೂ ಇಲ್ಲ ಅಂದರೆ ಪುಸ್ತಕ ವಾಪಸ್ ಇಡಿ. ಅವರೆಕಾಳಿನ ಕಾಲದಲ್ಲಿ ಮನೆಮಂದಿಯೆಲ್ಲ ಬೋಗುಣಿ ಸುತ್ತ ಕೂತು ಸಿಪ್ಪೆ ಹಿಚುಕುವ ಸೀಮೆಯ ಪುಸ್ತಕದಲ್ಲಿ ಅದೊಂದು ಇಲ್ಲ ಅಂದರೆ ಹೇಗೆ?

ಬಸ್ಸಾರು ಸಿಕ್ಕಿತು ಅನ್ನಿ. ಈಗ ನಿಧಾನವಾಗಿ ಓದಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುವುದು ಎಲ್ಲ ಪುಸ್ತಕದಲ್ಲೂ ಇರುತ್ತೆ. ನೋಡಬೇಕಾದದ್ದು ಮುಂದಿನದು. ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿ ಎತ್ತಿ ಮಸಾಲೆ ಜೊತೆ ರುಬ್ಬಲು ಹೇಳಿದ್ದಾರಾ? ಅದಿಲ್ಲದಿದ್ದರೆ ಸಾರು ನೀರು ನೀರಾಗಿ ಮುದ್ದೆಗೆ ಹತ್ತುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನು ಹಸಿಯಾಗಿ ರುಬ್ಬಬೇಕಾ, ಸುಟ್ಟು ಅಥವಾ ಹುರಿದು ರುಬ್ಬಬೇಕಾ? ಹುಣಸೆಹಣ್ಣು ಯಾವಾಗ ಹಾಕಬೇಕು? ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು ಅದೇ ಪುಟದಲ್ಲಿದೆಯಾ? ಸಾರು ಒಂದು ಪುಟದಲ್ಲಿ, ಪಲ್ಯ ಇನ್ನೊಂದು ಅಧ್ಯಾಯದಲ್ಲಿ ಇದ್ದರೆ ಆ ಪುಸ್ತಕ ಬರೆದವರು ಬಸ್ಸಾರನ್ನು ಒಲೆ ಮುಂದೆ ನಿಂತು ಮಾಡಿಲ್ಲ ಅಂತ ನನಗೆ ಗ್ಯಾರಂಟಿ. ಒಂದೇ ಪಾತ್ರೆಯಿಂದ ಎರಡು ಅಡುಗೆ ಹುಟ್ಟುವುದೇ ಅದರ ಜಾಣತನ ಅಲ್ವಾ?

ನನ್ನ ಹತ್ತಿರ ಇರುವ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರೆ ತಮಾಷೆಯಾಗಿದೆ. ಒಂದರಲ್ಲಿ "ಮಿಶ್ರ ಸೊಪ್ಪು 250 ಗ್ರಾಂ" ಅಂತ ಇದೆ. ತೂಕ ಸರಿ, ಸೊಪ್ಪು ಯಾವುದು? ಇನ್ನೊಂದು ಹಳೇ ಪುಸ್ತಕ. ಅದರಲ್ಲಿ ತೂಕವೇ ಇಲ್ಲ. ಆದರೆ "ದಂಟು, ಕೀರೆ, ಗಣಿಕೆ, ಅಣ್ಣೆ, ಗೋಣಿ, ಸಿಕ್ಕಿದ್ದನ್ನು ಬೆರೆಸಿ, ಗೋಣಿ ಜಾಸ್ತಿಯಾದರೆ ಹುಣಸೆ ಕಡಿಮೆ ಮಾಡಿ" ಅನ್ನುವ ಅರ್ಥದಲ್ಲಿ ಎರಡು ಸಾಲು ಇದೆ. ಗೋಣಿಸೊಪ್ಪು ತಾನೇ ಹುಳಿ. ಇದು ಬೆರಕೆ ಸೊಪ್ಪು ಕಿತ್ತು ತಂದವರಿಗೆ ಮಾತ್ರ ಹೊಳೆಯುವ ಮಾತು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ. ಆದರೆ ಪುಣೆಯ ಹುಡುಗಿಗೆ ಅದು ಕಷ್ಟ. ಅವಳಿಗೆ ಗಣಿಕೆ ಯಾವುದು, ಅಣ್ಣೆ ಯಾವುದು ಗೊತ್ತಿಲ್ಲ, ಸಿಗುವುದೂ ಇಲ್ಲ. ಅವಳಿಗೆ ತೂಕ ಬೇಕು.

ಹೋಟೆಲ್ ಭಟ್ಟರ ಪುಸ್ತಕ, ಮನೆಯವರ ಪುಸ್ತಕ

ಹೋಲಿಸಿ ನೋಡಬೇಕಾದ ದೊಡ್ಡ ವ್ಯತ್ಯಾಸ ಇದೇ. ಅಡುಗೆ ಭಟ್ಟರು, ಹೋಟೆಲ್ ಬಾಣಸಿಗರು ಬರೆದ ಪುಸ್ತಕ ಒಂದು ಥರ. ಮನೆಯಲ್ಲಿ ನಾಲ್ಕು ಜನಕ್ಕೆ ಬೇಯಿಸಿದವರು ಬರೆದದ್ದು ಬೇರೆ ಥರ.

ಭಟ್ಟರ ಪುಸ್ತಕದ ಮೇಲೆ ನನಗೆ ಬಹಳ ಆಸೆ ಇತ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಊರು ನಮ್ಮದು. ಮನೆಯಲ್ಲೇ ಅಂಥದ್ದು ಮಾಡಬೇಕು ಅಂತ ಒಂದು ಸಲ ಜಾತ್ರೆಯ ಮಳಿಗೆಯಲ್ಲಿ ಹೋಟೆಲ್ ತಿಂಡಿಗಳ ಪುಸ್ತಕ ಕೊಂಡೆ. ತಟ್ಟೆ ಇಡ್ಲಿ ಇತ್ತು, ಐದು ಕೆಜಿ ಅಕ್ಕಿಯ ಲೆಕ್ಕದಲ್ಲಿ. ಹತ್ತರಿಂದ ಭಾಗಿಸಿದೆ. ಅಕ್ಕಿ ಅರ್ಧ ಕೆಜಿ, ಉದ್ದಿನಬೇಳೆ, ಅವಲಕ್ಕಿ, ಸಬ್ಬಕ್ಕಿ ಎಲ್ಲ ಅದೇ ಲೆಕ್ಕದಲ್ಲಿ ನೆನೆಹಾಕಿ ರುಬ್ಬಿದೆ. ಸೋಡಾ ಮಾತ್ರ "ಎರಡು ಚಮಚ" ಅಂತ ಇತ್ತು. ಯಾವ ಚಮಚ? ಹೋಟೆಲ್‌ನ ಚಮಚ ಅಂದರೆ ಸಾರು ಬಡಿಸುವುದಾ, ಸಕ್ಕರೆ ಹಾಕುವುದಾ? ಅಂದಾಜಿನಲ್ಲಿ ಹಾಕಿದೆ. ಡಿಸೆಂಬರ್ ಬೇರೆ. ಹೋಟೆಲ್‌ನ ದೊಡ್ಡ ಡಬರಿಯಲ್ಲಿ ಹಿಟ್ಟಿನ ರಾಶಿ ತನ್ನ ಬಿಸಿ ತಾನೇ ಹಿಡಿದಿಟ್ಟುಕೊಂಡು ಉಬ್ಬುತ್ತೆ, ನನ್ನ ಪುಟ್ಟ ಪಾತ್ರೆಯಲ್ಲಿ ಬೆಳಿಗ್ಗೆಯವರೆಗೂ ಮಲಗಿದ ಹಾಗೇ ಇತ್ತು. ಬೆಂದ ಮೇಲೆ ಇಡ್ಲಿ ಹಳದಿ ಬಣ್ಣ, ಸೋಪಿನ ವಾಸನೆ. ಯಜಮಾನರು ಏನೂ ಮಾತಾಡದೆ ಎರಡು ತಿಂದು, "ಬಾ, ಕ್ಯಾತ್ಸಂದ್ರಕ್ಕೇ ಹೋಗಿ ಬರೋಣ" ಅಂದರು.

ಆ ಪುಸ್ತಕ ಕೆಟ್ಟದ್ದಲ್ಲ. ನನಗೆ ತಕ್ಕದ್ದಲ್ಲ, ಅಷ್ಟೇ. ಅಕ್ಕಿ, ಬೇಳೆ ಭಾಗಿಸಬಹುದು. ಸೋಡಾ, ಉಪ್ಪು, ಒಗ್ಗರಣೆ ಎಣ್ಣೆ, ಹುದುಗುವ ಹೊತ್ತು, ಇವು ಹಾಗೆ ಹತ್ತರಿಂದ ಭಾಗವಾಗುವುದಿಲ್ಲ. ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಮನೆಯಲ್ಲೇ ಐವತ್ತು ಜನಕ್ಕೆ ಬೇಯಿಸುವವರಾದರೆ ಆ ಪುಸ್ತಕ ಬಂಗಾರ. ಸಾರಿನ ಪುಡಿ, ವಾಂಗಿಭಾತ್ ಪುಡಿ ಕೆಜಿಗಟ್ಟಲೆ ಮಾಡಿಡಲೂ ಅದೇ ಸರಿ. ಮುಳಬಾಗಿಲು ದೋಸೆ ಥರದ್ದು ಬೇಕಾದರೂ ಹೋಟೆಲ್ ಕೈಯೇ ಬೇಕು. ಕೊಳ್ಳುವ ಮುಂಚೆ "ನಾಲ್ಕು ಜನಕ್ಕೆ" ಅನ್ನುವ ಲೆಕ್ಕ ಎಲ್ಲಾದರೂ ಇದೆಯಾ ನೋಡಿ. ಚಮಚದ ಅಳತೆ ಎಷ್ಟು ಅಂತ ಮೊದಲ ಪುಟಗಳಲ್ಲಿ ಹೇಳಿದ್ದರೆ ಬರೆದವರು ಮನೆಯಲ್ಲಿ ಓದುವವರನ್ನು ನೆನೆಸಿಕೊಂಡಿದ್ದಾರೆ ಅಂತ ಅರ್ಥ.

ಮನೆಯವರು ಬರೆದ ಪುಸ್ತಕಗಳು ಸಾಮಾನ್ಯವಾಗಿ ತೆಳ್ಳಗೆ, ಸಣ್ಣ ಪ್ರಕಾಶಕರದ್ದು, ಚಿತ್ರ ಕಡಿಮೆ. ಅವುಗಳ ಕಾಯಿಲೆ "ರುಚಿಗೆ ತಕ್ಕಷ್ಟು", "ಹದವಾಗಿ", "ಸ್ವಲ್ಪ". ತಿಂದು ಬೆಳೆದವರಿಗೆ ಇದು ತೊಂದರೆಯೇ ಅಲ್ಲ. ನಾಲಿಗೆ ಹೇಳುತ್ತೆ. ಆ ಅಡುಗೆಯನ್ನು ಒಮ್ಮೆಯೂ ತಿನ್ನದವರು ಇದನ್ನು ಮೊದಲ ಪುಸ್ತಕವಾಗಿ ಕೊಳ್ಳಬಾರದು. ಮುದ್ದೆಯ ಪುಟ ನೋಡಿದರೆ ಇದು ಗೊತ್ತಾಗುತ್ತೆ. "ನೀರು ಕುದಿಯುವಾಗ ಹಿಟ್ಟು ಹಾಕಿ ತಿರುವಿ" ಅಂತ ಒಂದೇ ಸಾಲು ಇದ್ದರೆ ಹೊಸಬರ ಪಾಡು ಗಂಟು ಗಂಟು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು, ಮೊದಲು ಚಿಟಿಕೆ ಹಿಟ್ಟು ಹಾಕಿ ಅಂಬಲಿ ಥರ ಕುದಿಸುವುದು, ಆಮೇಲೆ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ ತಿರುವದೆ ಬೇಯಲು ಬಿಡುವುದು, ಕೊನೆಗೆ ಕೋಲು ಹಾಕುವುದು. ಇಷ್ಟು ಬಿಡಿಸಿ ಹೇಳಿದ್ದರೆ ಕೊಳ್ಳಿ. ಹೊಸ ರಾಗಿಗೂ ಹಳೇ ರಾಗಿಗೂ ನೀರು ಬೇರೆ ಬೇರೆ ಅಂತ ಹೇಳಿದ್ದರೆ ಎರಡು ಪ್ರತಿ ಕೊಳ್ಳಿ, ಒಂದು ನನಗೆ.

ದಪ್ಪ ಹಾಳೆ, ಬಣ್ಣದ ಚಿತ್ರ, ಹೆಸರಾಂತ ಶೆಫ್‌ಗಳ ಇಂಗ್ಲಿಷ್ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಳತೆ ಚೆನ್ನಾಗಿರುತ್ತೆ, ಕೊನೆಯಲ್ಲಿ ಹೆಸರುಪಟ್ಟಿ ಇರುತ್ತೆ, ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಕೊಡಬಹುದು. ಆದರೆ ಬಯಲುಸೀಮೆಗೆ ಅವುಗಳಲ್ಲಿ ಸಿಗುವ ಜಾಗ ಸಾಮಾನ್ಯವಾಗಿ ಒಂದು ಮುದ್ದೆ, ಒಂದು ಸಾರು. ಪಕ್ಕದಲ್ಲಿ ಬಿಸಿಬೇಳೆಭಾತ್.

ಸಿರಿಧಾನ್ಯದ ಪುಸ್ತಕಗಳು ಒಂದು ಪ್ರವಾಹ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲಂತೂ ಕೇಳಬೇಡಿ. ಇವುಗಳಲ್ಲಿ ಎರಡು ಜಾತಿ. ಒಂದು ರಾಗಿ ಪಿಜ್ಜಾ, ನವಣೆ ಕೇಕ್ ಜಾತಿ. ಮಕ್ಕಳು ಖುಷಿಪಡುತ್ತಾರೆ, ನಮ್ಮ ಕಡೆಯ ರುಚಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಾಮೆ ಅನ್ನ, ನವಣೆ ಉಪ್ಪಿಟ್ಟು, ಕೊರಲೆ ಬಿಸಿಬೇಳೆಭಾತ್ ಅಂತ ನೆಟ್ಟಗೆ ಹೇಳುವ ಜಾತಿ. ಕೊರಲೆ ನಮ್ಮ ಮಧುಗಿರಿ, ಶಿರಾ, ಪಾವಗಡ ಕಡೆಯ ಬೆಳೆ. ಅದನ್ನು ಗಂಟೆಗಟ್ಟಲೆ ನೆನೆಸಬೇಕು. ನೆನೆಸುವ ಹೊತ್ತು ಬರೆದಿದ್ದಾರಾ ಅಂತ ನೋಡಿದರೆ ಪುಸ್ತಕದ ಯೋಗ್ಯತೆ ತಿಳಿಯುತ್ತೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೃಷಿಮೇಳದಲ್ಲಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇಂಥ ಕಿರುಪುಸ್ತಕ ವಿಚಾರಿಸಬಹುದು. ನಮ್ಮಲ್ಲಿ ತಿಪಟೂರಿನ ಕೊನೇಹಳ್ಳಿ, ತುಮಕೂರಿನ ಹಿರೇಹಳ್ಳಿ, ಚಿಂತಾಮಣಿಯ ಕುರುಬೂರಿನಲ್ಲಿ ಈ ಕೇಂದ್ರಗಳಿವೆ.

ಪುಸ್ತಕದಲ್ಲಿ ಇಲ್ಲದ್ದನ್ನೂ ನೋಡಿ

"ಕರ್ನಾಟಕದ ಸಮಗ್ರ ಅಡುಗೆ" ಅಂತ ದಪ್ಪಕ್ಷರದಲ್ಲಿ ಬರೆದು, ಒಳಗೆ ಒಂದು ಮೊಟ್ಟೆಯೂ ಇಲ್ಲದ ಪುಸ್ತಕಗಳಿವೆ. ನಾಟಿಕೋಳಿ ಸಾರು, ಕೈಮಾ ಉಂಡೆ, ತಲೆಮಾಂಸ, ಬೋಟಿ, ಕೆರೆ ಮೀನು, ಏಡಿ ಸಾರು ಬಿಟ್ಟರೆ ಕೋಲಾರ, ತುಮಕೂರಿನ ಎಷ್ಟೋ ಮನೆಗಳ ಭಾನುವಾರವೇ ಬಿಟ್ಟ ಹಾಗೆ. ಸಸ್ಯಾಹಾರಿ ಅಂತ ಹೇಳಿಕೊಂಡ ಪುಸ್ತಕದ ಮೇಲೆ ನನಗೆ ತಕರಾರಿಲ್ಲ. ಸಮಗ್ರ ಅಂತ ಹೇಳಿ ಬಿಟ್ಟದ್ದರ ಮೇಲೆ ಇದೆ. ಹಾಗೇ ಈರುಳ್ಳಿ ಬೆಳ್ಳುಳ್ಳಿ ಹಾಕದ ಮನೆಯವರು ಬರೆದದ್ದಾದರೆ ಸಾರು, ಗೊಜ್ಜು, ಕೋಸಂಬರಿ, ಒಬ್ಬಟ್ಟು ಅದ್ಭುತವಾಗಿರುತ್ತೆ. ಉಪ್ಸಾರಿನ ಖಾರ ಮಾತ್ರ ಅಲ್ಲಿ ಹುಡುಕಬೇಡಿ.

ಕೆಜಿಎಫ್‌ನದು ಇನ್ನೊಂದೇ ಲೋಕ. ಗಣಿ 2001ರಲ್ಲಿ ಮುಚ್ಚಿತು, ಆದರೆ ಅಲ್ಲಿನ ಅಡುಗೆ ಪುಸ್ತಕಕ್ಕೆ ಇಳಿದಿದೆ. ಅಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವರು ಆಂಗ್ಲೋ ಇಂಡಿಯನ್ ಅಡುಗೆಯ ಮೇಲೆ ಇಂಗ್ಲಿಷ್‌ನಲ್ಲಿ ಹಲವು ಪುಸ್ತಕ ಬರೆದಿದ್ದಾರೆ. ಕೈಮಾ ಉಂಡೆಯ ಬಾಲ್ ಕರಿ, ಹಳದಿ ಅನ್ನ, ಪೆಪ್ಪರ್ ವಾಟರ್ ಎಲ್ಲ ಆ ಅಡುಗೆಮನೆಯವು. ಪೆಪ್ಪರ್ ವಾಟರ್ ಅಂದರೆ ನಮ್ಮ ಮೆಣಸಿನ ಸಾರಿನ ದೊಡ್ಡಪ್ಪನ ಮಗ ಅಂತಿಟ್ಟುಕೊಳ್ಳಿ. ಸ್ಥಳೀಯರು ಬರೆದ ಸ್ಥಳೀಯ ಅಡುಗೆ ಅಂದರೆ ಬರೀ ಮುದ್ದೆ ಸೊಪ್ಪಿನ ಸಾರು ಅಂದುಕೊಂಡವರಿಗೆ ಇದು ಹೊಸ ರುಚಿ. ಮಾಂಸ ತಿನ್ನುವವರು, ಇಂಗ್ಲಿಷ್ ಓದುವವರು ಧೈರ್ಯವಾಗಿ ನೋಡಬಹುದು.

ಖಾರ, ಹುಳಿ, ಪಾವು

"ಒಣಮೆಣಸಿನಕಾಯಿ 8" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಎಂಟು ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತೆ, ಎಂಟು ಗುಂಟೂರು ಹಾಕಿದರೆ ಕಣ್ಣೀರು ಬರುತ್ತೆ. ನಮ್ಮಮ್ಮನ ಮನೆಯಲ್ಲಿ ಗುಂಟೂರು, ಅತ್ತೆಮನೆಯಲ್ಲಿ ಬ್ಯಾಡಗಿ ಜಾಸ್ತಿ. ಯಾವ ಮೆಣಸಿನಕಾಯಿ ಅಂತ ಹೇಳದ ಪುಸ್ತಕ ಕೊಂಡರೆ ಮೊದಲ ಸಲ ಅರ್ಧ ಹಾಕಿ ನೋಡಿ. ಟೊಮೆಟೊದ್ದೂ ಹಾಗೆ. ಹಳೇ ಪುಸ್ತಕದ "ಎರಡು ಟೊಮೆಟೊ" ಅಂದರೆ ನಾಟಿ, ಹುಳಿ ಹುಳಿ. ಈಗ ಕೋಲಾರದ ಎಪಿಎಂಸಿಯಿಂದ ಲಾರಿಗಟ್ಟಲೆ ಹೋಗುವ ಗಟ್ಟಿ ಟೊಮೆಟೊ ದೂರದ ಊರಿಗೆ ತಡೆಯುತ್ತೆ, ಸಾರಿಗೆ ಅಷ್ಟು ಹುಳಿ ಕೊಡುವುದಿಲ್ಲ. ಸ್ವಲ್ಪ ಹುಣಸೆ ಸೇರಿಸಬೇಕು.

ಹಳೇ ಪುಸ್ತಕ ಕೊಳ್ಳುವವರಿಗೆ ಅಳತೆ ಗೊತ್ತಿರಬೇಕು. ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು. ತೊಲ ಅಂತ ಇದ್ದರೆ ಸುಮಾರು 11.66 ಗ್ರಾಂ. ಪಾವಿನಲ್ಲಿ ತೂಕ ಹುಡುಕಬೇಡಿ, ಅದು ತುಂಬಿ ಅಳೆಯುವುದು. ನಮ್ಮ ಹಿತ್ತಾಳೆ ಪಾವಿನಲ್ಲಿ ಅಕ್ಕಿ ತೂಗಿದರೆ ಒಂದು ಅಂಕಿ, ಹುಚ್ಚೆಳ್ಳು ತೂಗಿದರೆ ಇನ್ನೊಂದು. ಮನೆಯಲ್ಲಿ ಪಾವು ಇಲ್ಲದವರು ಒಂದು ಲೋಟ ಗುರುತು ಮಾಡಿ ಎಲ್ಲದಕ್ಕೂ ಅದನ್ನೇ ಬಳಸಿದರೆ ಮುಗಿಯಿತು. ಹಳೇ ಪುಸ್ತಕದ ವ್ಯಾಮೋಹ ಜಾಸ್ತಿಯಾಗಿ 16ನೇ ಶತಮಾನದ ಮಂಗರಸನ ಸೂಪಶಾಸ್ತ್ರದವರೆಗೆ ಹೋಗುವವರೂ ಇದ್ದಾರೆ. ಪದ್ಯದಲ್ಲಿ ಬರೆದ ಅಡುಗೆ, ಓದಲು ಸೊಗಸು. ಸಂಜೆ ಆರು ಗಂಟೆಗೆ ಸಾರಿಗೆ ಏನು ಮಾಡಲಿ ಅಂತ ನಿಂತಾಗ ಅದನ್ನು ತೆಗೆಯಬೇಡಿ, ಅಷ್ಟೇ.

ಕೊಳ್ಳುವ ಮುಂಚೆ ಮನೆಗೆ ತರಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯರಾಗಿ. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಡ್ಯೂಯಿ ಸಂಖ್ಯೆ ಹಾಕಿರುವ ಗ್ರಂಥಾಲಯದಲ್ಲಿ ಅಡುಗೆ 641.5ರಲ್ಲಿ ಇರುತ್ತೆ, ಕಪಾಟು ಕೇಳುವುದು ಸುಲಭ. ಒಂದು ವಾರದಲ್ಲಿ ಮೂರು ಅಡುಗೆ ಮಾಡಿ: ಒಂದು ಗೊತ್ತಿರುವುದು, ಒಂದು ಕೇಳಿದ್ದು, ಒಂದು ಹೊಸದು. ಗೊತ್ತಿರುವುದು ನಿಮ್ಮ ಮನೆಯದಕ್ಕಿಂತ ಕೆಟ್ಟದಾಗಿ ಬಂದರೂ ಚಿಂತೆಯಿಲ್ಲ, ಕೇಳಿದ್ದು ಕೈ ಹತ್ತಿತಾ ನೋಡಿ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು ನೋಡಬಹುದು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆ, ಇವೂ ಇವೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಒಳಪುಟದ ಚಿತ್ರ ಹಾಕಿರುವವರ ಹತ್ತಿರ ಮಾತ್ರ ಕೊಳ್ಳಿ. ಪರಿವಿಡಿ ಕಾಣದ ಅಡುಗೆ ಪುಸ್ತಕ ಕೊಳ್ಳುವುದು ಸೀರೆಯನ್ನು ಡಬ್ಬಿ ನೋಡಿ ಕೊಂಡ ಹಾಗೆ.

ಕೊನೆಗೆ ಹುಡುಗಿಗೆ ಏನು ಕಳಿಸಿದೆ ಅಂದರೆ, "ಮಿಶ್ರ ಸೊಪ್ಪು 250 ಗ್ರಾಂ" ಪುಸ್ತಕವನ್ನೇ. ಅಳತೆ ಇದೆ, ನಾಲ್ಕು ಜನದ ಲೆಕ್ಕ ಇದೆ. ಬಸ್ಸಾರಿನ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಒಂದು ಹಿಡಿ ಕಾಳು ರುಬ್ಬಕ್ಕೆ ಎತ್ತಿಡು" ಅಂತ ಬರೆದೆ. ಬದನೆಕಾಯಿ ಪುಟದಲ್ಲಿ "ಕುಣಿಗಲ್‌ನವರು ಬಂದ್ರೆ ಕಾಯಿ, ಅಮ್ಮ ಬಂದ್ರೆ ಕಡಲೆಬೀಜ" ಅಂತ.

ಜನವರಿಯಲ್ಲಿ ಫೋನ್ ಬಂತು. "ಚಿಕ್ಕಮ್ಮ, ಹಿತಕಿದ ಬೇಳೆ ಪುಟ ತೆಗ್ದಿದೀನಿ. ಇಲ್ಲಿ ಅವರೆಕಾಳು ಅಂದ್ರೆ ಯಾರಿಗೂ ಗೊತ್ತಾಗಲ್ಲ. ತರಕಾರಿಯೋನು ಪಾವ್ಟಾ ಅಂತ ಏನೋ ಕೊಟ್ಟಿದಾನೆ, ನೋಡೋಕೆ ಅದೇ ಥರ ಇದೆ."

"ಮೂಸಿ ನೋಡಿದ್ಯಾ?"

ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಕ್ಕಳು. "ಸೊಗಡಿದೆ ಚಿಕ್ಕಮ್ಮ."

"ಮತ್ತೇನು, ನೆನೆಹಾಕು. ಹಿಚುಕೋಕೆ ಗಂಡನ್ನೂ ಕೂರಿಸ್ಕೋ."